ಸೊಪ್ಪು ಬಿಟ್ಟವರು, ಹಸಿರು ಕ್ಯಾಪ್ಸೂಲ್ ಕೇಳಿದರು

ನಮ್ಮ ಮೆಡಿಕಲ್ ಶಾಪಿನಲ್ಲಿ ಡಾಕ್ಟರ ಚೀಟಿ ಇಲ್ಲದೆ ಜಾಸ್ತಿ ಕೇಳುವುದು ಹಸಿರು ಬಣ್ಣದ ವಿಟಮಿನ್ ಇ ಕ್ಯಾಪ್ಸೂಲ್. ಕಾಲೇಜು ಹುಡುಗಿಯರು ಅದನ್ನು ಸೂಜಿಯಲ್ಲಿ ಚುಚ್ಚಿ, ಕೊಬ್ಬರಿ ಎಣ್ಣೆಗೆ ಬೆರೆಸಿ ತಲೆಗೆ ಹಚ್ಚುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ನುಂಗುವವರನ್ನು ಮಾತ್ರ ಕೇಳಿಯೇ ಕೇಳುತ್ತೇನೆ: ರಕ್ತ ತೆಳು ಮಾಡುವ ಮಾತ್ರೆ ಏನಾದರೂ ತಗೊಳ್ತಿದ್ದೀರಾ?

ಈಚೆಗೆ ಒಬ್ಬ ಹಿರಿಯರು ಬಂದಿದ್ದರು. ಹೃದಯದ ವಾಲ್ವ್ ಬದಲಾಯಿಸಿದೆ. ರಕ್ತ ತೆಳು ಮಾಡುವ ಅಸಿನೋಕುಮರಾಲ್ ಮಾತ್ರೆ ದಿನವೂ ನುಂಗಬೇಕು, ಆಗಾಗ ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಅಂಕಿ; ಏರಿದಷ್ಟೂ ನಿಧಾನ) ಮಾಡಿಸಬೇಕು. "ಸುಮ್ನೆ ವಿಟಮಿನ್ ಅಲ್ವೇನಮ್ಮ? ರಾತ್ರಿ ಕಾಲು ಹಿಡ್ಕೊಳ್ಳುತ್ತೆ, ಬೀಗರು ಇದು ತಗೊಳ್ಳಿ ಅಂದ್ರು" ಎಂದರು. ಸೊಪ್ಪು ಪೂರ್ತಿ ಬಿಟ್ಟಿದ್ದಾರಂತೆ. ದಂಟು, ಪಾಲಕ್, ಒಂದೂ ಇಲ್ಲ. ಅದರಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಇದೆ ಎಂಬ ಹೆದರಿಕೆ.

ತಲೆಕೆಳಗು ಲೆಕ್ಕ ಇದೇ ನೋಡಿ. ರಕ್ತ ಹೆಪ್ಪುಗಟ್ಟಲು ಲಿವರ್ ತಯಾರಿಸುವ ಪ್ರೋಟೀನುಗಳಲ್ಲಿ ನಾಲ್ಕಕ್ಕೆ (2, 7, 9, 10ನೇ ಫ್ಯಾಕ್ಟರ್) ವಿಟಮಿನ್ ಕೆ ಬೇಕೇ ಬೇಕು. ಒಮ್ಮೆ ಬಳಸಿದ ಕೆಯನ್ನು ದೇಹ ರಿಪೇರಿ ಮಾಡಿ ಮತ್ತೆ ಬಳಸುತ್ತದೆ. ವಾರ್ಫರಿನ್, ಅಸಿನೋಕುಮರಾಲ್ ಎಂಬ ರಕ್ತ ತೆಳು ಮಾಡುವ ಮಾತ್ರೆಗಳು ತಡೆಯುವುದು ಆ ರಿಪೇರಿಯನ್ನೇ. ಅದರ ಮೇಲೆ ಸೊಪ್ಪೂ ಇಲ್ಲದಿದ್ದರೆ ಕೆ ದಾಸ್ತಾನು ಇನ್ನೂ ಕಮ್ಮಿ. ವಿಟಮಿನ್ ಇ ಜಾಸ್ತಿಯಾದರೆ ಕೆಯ ಕೆಲಸಕ್ಕೆ ಅಡ್ಡ ಬರುವ ಸಾಧ್ಯತೆ ಹೆಚ್ಚುವುದೂ ಇಂಥ ಹೊತ್ತಿನಲ್ಲೇ.

ಇದು ಬರೀ ಊಹೆಯಲ್ಲ. ವಾರ್ಫರಿನ್ ಜೊತೆಗೆ ದಿನಕ್ಕೆ 1200 ಯೂನಿಟ್ ತನಕ ಇ ನುಂಗುತ್ತಿದ್ದ ಒಬ್ಬರಿಗೆ ರಕ್ತಸ್ರಾವವಾದ ವರದಿ 1974ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1996ರ ಒಂದು ಸಣ್ಣ ಪರೀಕ್ಷೆಯಲ್ಲಿ ಮಾತ್ರ ಅಷ್ಟೇ ಡೋಸ್ ಕೊಟ್ಟರೂ ಐಎನ್‌ಆರ್ ಹೆಚ್ಚೇನೂ ಏರಲಿಲ್ಲ. 2004ರ ಅಧ್ಯಯನ ನನಗೆ ಹೆಚ್ಚು ಹಿಡಿಸಿತು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳದವರಿಗೆ 12 ವಾರ, ದಿನಕ್ಕೆ 1000 ಯೂನಿಟ್ ಕೊಟ್ಟರು. ಅವರ ರಕ್ತದಲ್ಲಿ ಕೆ ಸಾಲದೆ ಅರೆಬೆಂದಂತೆ ಉಳಿದ ಪ್ರೋಥ್ರಾಂಬಿನ್ (ಮೇಲೆ ಹೇಳಿದ 2ನೇ ಫ್ಯಾಕ್ಟರ್) ಹೆಚ್ಚಾಗಿತ್ತು. ಇದು ಹೇಗಾಗುತ್ತದೆ ಎನ್ನುವುದರಲ್ಲಿ ವಿಜ್ಞಾನಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಇ, ಕೆ ಎರಡನ್ನೂ ಒಡೆದು ಹೊರಹಾಕುವ ಲಿವರ್ ಕಿಣ್ವ ಒಂದೇ ಆದ್ದರಿಂದ ಅನುಮಾನ ಅದರ ಮೇಲೂ ಇದೆ.

ಊಟದಲ್ಲಿ ಬರುವ ಇ ಬಗ್ಗೆ ದಯವಿಟ್ಟು ಗಾಬರಿ ಬೇಡ. ಅಮೆರಿಕದವರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕು. ಕಡಲೆಬೀಜ, ಸೂರ್ಯಕಾಂತಿ ಎಣ್ಣೆ ತಿಂದು ಯಾರೂ ಕ್ಯಾಪ್ಸೂಲಿನ 400 ಮಿಲಿಗ್ರಾಂ ಮುಟ್ಟುವುದಿಲ್ಲ.

ಆ ಹಿರಿಯರಿಗೆ ಕ್ಯಾಪ್ಸೂಲ್ ಕೊಡಲಿಲ್ಲ. ಕಾಲು ಹಿಡಿಯುವುದನ್ನು ಡಾಕ್ಟರಿಗೆ ಹೇಳಿ ಅಂದೆ. ಸೊಪ್ಪಿನ ವಿಷಯವನ್ನೂ ಕೇಳಿ, ಆದರೆ ಇವತ್ತೇ ಹೋಗಿ ಒಂದು ಬುಟ್ಟಿ ತಿನ್ನಬೇಡಿ ಎಂದೂ ಸೇರಿಸಿದೆ. ವಾರವಾರವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿಂದರೆ ಮಾತ್ರೆಯ ಡೋಸನ್ನು ಅದಕ್ಕೆ ಹೊಂದಿಸಬಹುದು. ಏಕಾಏಕಿ ಶುರು ಮಾಡುವುದು, ಏಕಾಏಕಿ ಬಿಡುವುದು, ಎರಡೂ ಐಎನ್‌ಆರ್ ಅನ್ನು ಏರುಪೇರು ಮಾಡುತ್ತವೆ.

ಇನ್ನೊಂದು. ಯಾವ ಮಾತ್ರೆ ತಗೊಳ್ತೀರಿ ಎಂದರೆ ಬಹಳ ಜನ ವಿಟಮಿನ್ನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಲ್ಲು ಕೀಳಿಸುವುದಿರಲಿ, ದೊಡ್ಡ ಆಪರೇಷನ್ ಇರಲಿ, ಅದನ್ನೂ ಹೇಳಿ, ಎಷ್ಟು ದಿನದಿಂದ ಎನ್ನುವುದನ್ನೂ ಹೇಳಿ.