ಹಾಂಗ್‌ಕಾಂಗ್‌ನ ಹಳೇ ಟೀ ಹೌಸ್: ಮೀನಿಗೆ ತಲೆಯಾಡಿಸುವ ಮೊದಲು ಬೆಲೆ ಕೇಳಿ

ಮೆನುವಿನಲ್ಲಿ ಆ ಮೀನಿನ ಮುಂದೆ 58 ಅಂತ ಇತ್ತು. ಬಿಲ್ಲಿನಲ್ಲಿ ಅದೇ ಮೀನಿಗೆ 1218 ಡಾಲರ್ ಬಿತ್ತು. ಹಾಂಗ್‌ಕಾಂಗ್ ಡಾಲರ್ ಲೆಕ್ಕ ಇದು. ನಾವು ಹೋದಾಗ ಒಂದು ಡಾಲರಿಗೆ ಸುಮಾರು 11 ರೂಪಾಯಿ ಇತ್ತು. ಅಂದರೆ ಒಂದೇ ಒಂದು ಮೀನಿಗೆ 13 ಸಾವಿರ ರೂಪಾಯಿಗೂ ಮೇಲೆ. ಅಕ್ಕ, ಭಾವ, ನಾನು ಮೂವರೇ ಹೋಗಿದ್ದು. ಅದರಲ್ಲೂ ಅಕ್ಕ ಶುದ್ಧ ಸಸ್ಯಾಹಾರಿ, ಮೀನು ಮುಟ್ಟಲೇ ಇಲ್ಲ.

ಆಗಿದ್ದು ಇಷ್ಟು. ಟೀ ಹೌಸ್ ಅನ್ನುವ ಅಲ್ಲಿನ ಹಳೇ ಹೋಟೆಲುಗಳಲ್ಲಿ ಟೀ ಜೊತೆ ಊಟವೂ ಇರುತ್ತದೆ, ಜೀವಂತ ಮೀನನ್ನು ತೂಕದ ಮೇಲೆ ಮಾರುತ್ತಾರೆ. ತೂಕ ಕಿಲೋದಲ್ಲಿ ಅಲ್ಲ, ‘ಗನ್’ ಮತ್ತು ‘ಲೆಯೋಂಗ್’ ಲೆಕ್ಕದಲ್ಲಿ. ಒಂದು ಗನ್ ಅಂದರೆ ಸುಮಾರು 605 ಗ್ರಾಂ. ಅದನ್ನು 16 ಭಾಗ ಮಾಡಿದರೆ ಒಂದು ಲೆಯೋಂಗ್, 38 ಗ್ರಾಂ ಹತ್ತಿರ. ಆ 58 ಡಾಲರ್ ಒಂದು ಲೆಯೋಂಗಿನ ಬೆಲೆ. ನಮ್ಮ ಮೀನು ತೂಗಿದ್ದು 21 ಲೆಯೋಂಗ್. ಚೀನೀ ಮೆನುವಿನಲ್ಲಿ ಬೆಲೆಯ ಪಕ್ಕ ಒಂದು ಪುಟ್ಟ ಅಕ್ಷರ ಇತ್ತು, ಇಂಗ್ಲಿಷ್ ಮೆನುವಿನಲ್ಲಿ ಬರೀ ಅಂಕಿ. ಹಣ ಕೊಟ್ಟ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ಚೀನೀ ಓದಲು ಬಾರದವರಿಗೆ ಕೊಡುವ ಕಾರ್ಡಿನಲ್ಲೇ ಅಳತೆ ಬಿಟ್ಟುಬಿಡುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ, ಇವತ್ತಿಗೂ.

ವೇಟರ್ ಒಂದು ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಮೀನನ್ನು ಟೇಬಲಿಗೆ ತಂದು ತೋರಿಸಿದರು. ಕೆಂಪು ಮೈ ಮೇಲೆ ಸಣ್ಣ ಚುಕ್ಕೆಗಳು, ಬಾಲ ಬಡಿಯುತ್ತಿತ್ತು. ಭಾವ ಚೆನ್ನಾಗಿದೆ ಅನ್ನುವಂತೆ ತಲೆಯಾಡಿಸಿದರು. ಅಷ್ಟಕ್ಕೇ ವ್ಯವಹಾರ ಮುಗಿದಿತ್ತು. ಬೇಸಿನ್ ತೋರಿಸುವುದು ಮರ್ಯಾದೆಗಲ್ಲ, ಒಪ್ಪಿಗೆ ಪಡೆಯುವುದಕ್ಕೆ. ಆ ಹೊತ್ತಿನಲ್ಲಿ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಮುಂದೆ ಹಿಡಿಯಿರಿ, ಒಟ್ಟು ಎಷ್ಟಾಗುತ್ತದೋ ಅವರೇ ಒತ್ತಿ ತೋರಿಸಲಿ. ಮೆನುವಿನಲ್ಲಿ ಬೆಲೆಯ ಬದಲು ‘ಸೀಸನಲ್ ಪ್ರೈಸ್’ ಅಂತ ಇದ್ದರಂತೂ ಕೇಳದೆ ಹೂಂ ಅನ್ನಬೇಡಿ.

ಬಿಲ್ಲಿನ ಉಳಿದ ಸಾಲುಗಳನ್ನೂ ಹೇಳುತ್ತೇನೆ. ಟೀಗೆ ತಲೆಗೆ 38ರಂತೆ 114. ಕೂತ ಕೂಡಲೇ ಕೇಳದೆ ತಂದಿಟ್ಟ ಸಣ್ಣ ತಟ್ಟೆ ಕಡಲೆಕಾಯಿಗೆ 25. ಸೊಪ್ಪಿನ ಪಲ್ಯ 160, ಹುಳಿ-ಸಿಹಿ ಹಂದಿಮಾಂಸ 230, ಮೂರು ಬಟ್ಟಲು ಅನ್ನ 60. ಮೀನೂ ಸೇರಿ 1807. ಹಾಂಗ್‌ಕಾಂಗಿನಲ್ಲಿ ಊಟದ ಮೇಲೆ ತೆರಿಗೆ ಇಲ್ಲ, ಆದರೆ ಶೇ 10 ಸರ್ವಿಸ್ ಚಾರ್ಜ್ ಹಾಕುತ್ತಾರೆ. ಎಲ್ಲಾ ಸೇರಿ 1988 ಡಾಲರ್, ಹತ್ತಿರ ಹತ್ತಿರ 22 ಸಾವಿರ ರೂಪಾಯಿ. ಅದೂ ನಗದು ಕೊಡಿ ಅಂದರು. ಮೊದಲೇ ಹಣ ತುಂಬಿಸಿಟ್ಟು ಊರೆಲ್ಲಾ ಬಳಸುವ ಆಕ್ಟೋಪಸ್ ಕಾರ್ಡ್ ಅಲ್ಲಿ ನಡೆಯಲಿಲ್ಲ. ಭಾವ ಮಳೆಯಲ್ಲಿ ಎಟಿಎಂ ಹುಡುಕಿಕೊಂಡು ಹೋಗಿ ಬಂದರು, ನಾವಿಬ್ಬರು ಅಲ್ಲೇ ಕೂತಿದ್ದೆವು. ಕಡಲೆಕಾಯಿ ಬೇಡವಾದರೆ ಮುಟ್ಟದೆ ವಾಪಸ್ ಕಳಿಸಬಹುದು, ಬಿಲ್ಲಿನಿಂದ ತೆಗೆಯುತ್ತಾರೆ. ಟೀ ಚಾರ್ಜನ್ನು ಮಾತ್ರ ತಪ್ಪಿಸಲಾಗದು. ಟೀ ಕುಡಿಯದಿದ್ದರೂ ಕೂತಿದ್ದಕ್ಕೆ ಅದು ಇದ್ದೇ ಇದೆ.

ಇನ್ನು ವೇಟರುಗಳ ಸಿಡುಕಿನ ವಿಷಯ. ಹೋಗಿ ಬಂದವರೆಲ್ಲ ಇದನ್ನೇ ದೊಡ್ಡದು ಮಾಡಿ ಹೇಳಿದ್ದರು. ನನಗೆ ಅದು ಅಷ್ಟು ನೋಯಲಿಲ್ಲ. ಬಿಳಿ ಕೋಟು ಹಾಕಿದ, ಅರವತ್ತು ದಾಟಿದ ಗಂಡಸರು. ಮೆನುವನ್ನು ಟೇಬಲ್ ಮೇಲೆ ಹಾಕಿ ಹೋದರು, ನಾವು ಒಂದು ನಿಮಿಷ ಯೋಚಿಸುತ್ತಿದ್ದಂತೆ ಮಾಯ. ಕೈ ಎತ್ತಿದರೆ ನೋಡಿಯೂ ನೋಡದ ಹಾಗೆ ಇದ್ದರು. ಪಕ್ಕದ ಟೇಬಲಿನ ಅಜ್ಜ ನಮ್ಮ ಟೀ ಪಾಟಿನ ಮುಚ್ಚಳವನ್ನು ಸರಿಸಿ ಅರ್ಧ ತೆರೆದಿಟ್ಟು, ಸುಮ್ಮನಿರಿ ಅನ್ನುವಂತೆ ಕೈ ತೋರಿಸಿದರು. ಎರಡೇ ನಿಮಿಷಕ್ಕೆ ಅದೇ ವೇಟರ್ ಬಿಸಿನೀರಿನ ಕೆಟಲ್ ಹಿಡಿದು ಬಂದು, ತುಟಿ ಎರಡು ಮಾಡದೆ ಪಾಟು ತುಂಬಿಸಿ ಹೋದರು. ಮುಚ್ಚಳ ತೆರೆದಿಟ್ಟರೆ ನೀರು ಬೇಕು ಅಂತ ಅರ್ಥ. ಯಾರಾದರೂ ನಿಮ್ಮ ಬಟ್ಟಲಿಗೆ ಟೀ ಸುರಿದರೆ ಎರಡು ಬೆರಳಿನಿಂದ ಟೇಬಲ್ ತಟ್ಟಬೇಕು, ಅದೇ ಥ್ಯಾಂಕ್ಸ್. ಏನಾದರೂ ಬೇಕಾದರೆ ದನಿ ಎತ್ತಿ ‘ಮ್ ಗೋಯ್’ ಅನ್ನಿ. ಬಿಲ್ ಬೇಕಾದರೆ ‘ಮಾಯ್ ದಾನ್’. ಮೆತ್ತಗೆ ಕರೆದು ನಕ್ಕರೆ ಯಾರೂ ಬರುವುದಿಲ್ಲ. ಅಲ್ಲಿ ದಿನಾ ಬರುವವರನ್ನೂ ಅವರು ಹಾಗೇ ನಡೆಸಿಕೊಳ್ಳುತ್ತಿದ್ದರು, ನಮ್ಮೊಬ್ಬರ ಮೇಲಲ್ಲ.

ನನಗೆ ನೋವಾದದ್ದು ಅಕ್ಕನ ತಟ್ಟೆ ನೋಡಿ. ‘ವೆಜಿಟೇರಿಯನ್’ ಅಂತ ಮೂರು ಸಲ ಹೇಳಿದ್ದೆವು. ಬಂದ ಸೊಪ್ಪಿನ ಮೇಲೆ ಕಂದು ಸಾಸ್, ಅದು ಆಯ್ಸ್ಟರ್ ಸಾಸ್, ಚಿಪ್ಪುಮೀನಿನಿಂದ ಮಾಡಿದ್ದು. ಅವರ ಕಣ್ಣಿಗೆ ಅದು ಬರೀ ಸೊಪ್ಪು. ಅಕ್ಕ ಆ ರಾತ್ರಿ ಬಿಳಿ ಅನ್ನ ಮತ್ತು ಟೀಯಲ್ಲಿ ಕಳೆದಳು. ನಿಮ್ಮ ಜೊತೆ ಸಸ್ಯಾಹಾರಿಗಳಿದ್ದರೆ ವೆಜ್ ಅನ್ನುವ ಪದವನ್ನು ನೆಚ್ಚಿಕೊಳ್ಳಬೇಡಿ. ‘ಸಿಕ್ ಜಾಯ್’ ಅನ್ನಿ. ಬೌದ್ಧರ ವ್ರತದ ಊಟ ಅಂತ ಅರ್ಥ, ಅದರಲ್ಲಿ ಮೀನೂ ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಹೋಟೆಲ್ ರಿಸೆಪ್ಷನ್ನಿನಲ್ಲಿ ಚೀನೀ ಅಕ್ಷರದಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಅಕ್ಕ ನೆಮ್ಮದಿಯಾಗಿ ಊಟ ಮಾಡಿದ್ದು ಲಾಂಟಾವ್ ದ್ವೀಪದ ಪೋ ಲಿನ್ ಮಠದಲ್ಲಿ. 268 ಮೆಟ್ಟಿಲು ಹತ್ತಿ ದೊಡ್ಡ ಬುದ್ಧನನ್ನು ನೋಡಿ ಇಳಿದ ಮೇಲೆ ಅಣಬೆ, ತೋಫು, ಸೊಪ್ಪು, ಅನ್ನ. ಎರಡು ಸಲ ಬಡಿಸಿಕೊಂಡಳು.

ಹಾಗಂತ ಹಳೇ ಟೀ ಹೌಸಿಗೆ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ರಾತ್ರಿ ಬೇಡ, ಬೆಳಿಗ್ಗೆ ಹೋಗಿ. ಭಾವ ಬೇಡ ಅಂದರೂ ಹೊರಡುವ ಹಿಂದಿನ ದಿನ ನಾನು ಒಬ್ಬಳೇ ಅದೇ ಜಾಗಕ್ಕೆ ಏಳೂವರೆಗೆ ಹೋದೆ. ಬೆಳಗಿನ ಹೊತ್ತು ಡಿಮ್ ಸಮ್ ಅನ್ನುವ ಸಣ್ಣ ಸಣ್ಣ ತಿಂಡಿಗಳ ಸಮಯ. ಒಂದು ಕಾಗದದ ಪಟ್ಟಿ ಕೊಡುತ್ತಾರೆ, ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟರಾಯಿತು. ಪ್ರತಿ ತಿಂಡಿಗೂ ಬೆಲೆ ಮುದ್ರಿಸಿರುತ್ತದೆ, ತೂಕದ ತಂಟೆ ಇಲ್ಲ. ಖಾಲಿ ಕಂಡ ಕುರ್ಚಿಯಲ್ಲಿ ಸುಮ್ಮನೆ ಹೋಗಿ ಕೂರಬೇಡಿ, ಅದು ವರ್ಷಗಳಿಂದ ಯಾರೋ ಹಿರಿಯರ ಜಾಗ ಆಗಿರುತ್ತದೆ. ನನ್ನನ್ನು ಎಬ್ಬಿಸಿ, ಪೇಪರ್ ಓದುತ್ತಿದ್ದ ಇಬ್ಬರ ನಡುವೆ ಕೂರಿಸಿದರು. ಟೇಬಲ್ ಹಂಚಿಕೊಳ್ಳುವುದು ಅಲ್ಲಿ ಮಾಮೂಲು.

ಹಾರ್ ಗಾವ್ ಅನ್ನುವ ಸೀಗಡಿ ಕಡುಬು ತರಿಸಿದೆ. ಬಿದಿರಿನ ಬುಟ್ಟಿಯ ಮುಚ್ಚಳ ತೆಗೆದರೆ ಹಬೆ ಏಳುತ್ತಿತ್ತು, ನಾಲ್ಕು ಕಡುಬು. ಹಿಟ್ಟಿನ ಪದರ ಎಷ್ಟು ತೆಳು ಅಂದರೆ ಒಳಗಿನ ಸೀಗಡಿಯ ಗುಲಾಬಿ ಬಣ್ಣ ಹೊರಗೇ ಕಾಣುತ್ತಿತ್ತು. ಒಂದು ಅಂಚಿಗೆ ಸೀರೆಯ ನೆರಿಗೆ ಹಿಡಿದ ಹಾಗೆ ಮಡಿಕೆ. ಒಳ್ಳೆಯ ಕೈಯಲ್ಲಿ ಅದು ಏಳಕ್ಕಿಂತ ಕಡಿಮೆ ಇರಬಾರದು ಅನ್ನುತ್ತಾರೆ. ನಾನು ಎಣಿಸಿದೆ, ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ಹನ್ನೊಂದು. ಚಾಪ್‌ಸ್ಟಿಕ್ಕಿನಲ್ಲಿ ಎತ್ತಿದರೂ ಪದರ ಹರಿಯಲಿಲ್ಲ. ಜೊತೆಗೆ ಪು-ಅರ್ ಟೀ, ಕಾಫಿಯಷ್ಟು ಕಪ್ಪು, ಮಳೆ ಬಿದ್ದ ಮಣ್ಣಿನ ವಾಸನೆ. ಎರಡು ಬುಟ್ಟಿ, ಟೀ, ಸರ್ವಿಸ್ ಸೇರಿ 150 ಡಾಲರ್ ದಾಟಲಿಲ್ಲ. ಎರಡು ಬುಟ್ಟಿ ತಿಂಡಿಗೆ ಅದು ದುಬಾರಿಯೇ, ಆದರೂ ಆ ನೆರಿಗೆ ಹಿಡಿದ ಕೈಗೆ ಕೊಟ್ಟೆ ಅನ್ನುವ ತೃಪ್ತಿ ಇದೆ.

ಆದರೆ ಇಡೀ ಪ್ರವಾಸದಲ್ಲಿ ಮತ್ತೆ ಮತ್ತೆ ಹೋಗಿದ್ದು ಶಾಮ್ ಶುಯಿ ಪೋ ಪೇಟೆಗೆ. ಮೆಟ್ರೋ ಇಳಿದು ಬಟ್ಟೆ, ಗುಂಡಿ, ವೈರು ಮಾರುವ ಸಾಲುಗಳನ್ನು ದಾಟಿದರೆ ಗಲ್ಲಿಯಲ್ಲಿ ಒಂದು ಪುಟ್ಟ ಅಂಗಡಿ, ಚೆಂಗ್ ಫನ್ ಮಾತ್ರ ಮಾಡುತ್ತಾರೆ. ಅಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತಿದ್ದು. ನೀರುದೋಸೆಯನ್ನು ಬಿಗಿಯಾಗಿ ಸುತ್ತಿ ತುಂಡು ಮಾಡಿದರೆ ಹೇಗಿರುತ್ತದೋ ಹಾಗೆ, ಇನ್ನೂ ನುಣುಪು. ಅದರ ಪೂರ್ತಿ ಹೆಸರಿನ ಅರ್ಥ ಹಂದಿಯ ಕರುಳು ಅಂತ ಗೊತ್ತಾಗಿ ಅಕ್ಕ ಹಿಂದೆ ಸರಿದಳು. ಆಕಾರ ನೋಡಿ ಇಟ್ಟ ಹೆಸರು ಅಷ್ಟೇ, ಒಳಗೆ ಏನೂ ತುಂಬಿರುವುದಿಲ್ಲ. ಅಂಗಡಿಯ ಹೆಂಗಸು ಕತ್ತರಿಯಲ್ಲಿ ಕಚಕಚ ಕತ್ತರಿಸಿ ತಟ್ಟೆಗೆ ಹಾಕಿ ಮುಂದೆ ತಳ್ಳುತ್ತಾರೆ. ಸಿಹಿ ಸಾಸ್, ಎಳ್ಳಿನ ಸಾಸ್, ಸೋಯಾ, ಖಾರ, ಮೇಲೆ ಹುರಿದ ಎಳ್ಳು, ಇದೆಲ್ಲ ನಾವೇ ಹಾಕಿಕೊಳ್ಳಬೇಕು. ಎಳ್ಳಿನ ಸಾಸನ್ನು ಧಾರಾಳವಾಗಿ ಹಾಕಿಕೊಳ್ಳಿ. ಕಡ್ಡಿಯಲ್ಲಿ ಚುಚ್ಚಿ ನಿಂತೇ ತಿನ್ನಬೇಕು, ಮೊಣಕೈಗೆ ಮೊಣಕೈ ತಾಗುತ್ತದೆ, ಮಂಡಿನೋವಿನವರಿಗೆ ಕಷ್ಟ. ನಾವು ಹೋದಾಗ ಒಂದು ತಟ್ಟೆಗೆ 14 ಡಾಲರ್ ಇತ್ತು. ಅಕ್ಕ ಮೊದಲ ದಿನ ಎರಡು ತಟ್ಟೆ, ಮರುದಿನ ಮೂರು ತಿಂದಳು.

ಅಲ್ಲಿಂದ ನಾಲ್ಕು ಹೆಜ್ಜೆಗೆ ತೋಫು ಮಾಡುವ ಅಂಗಡಿ ಇದೆ. ಬಿಸಿ ಬಿಸಿ ದೌ ಫು ಫಾ ಅನ್ನುವ ಎಳೆ ತೋಫು, ಗಿಣ್ಣಿಗಿಂತ ಮೃದು, ಮೇಲೆ ಸಕ್ಕರೆ ಪಾಕ. ಕೂರಲು ಸ್ಟೂಲೂ ಸಿಗುತ್ತದೆ.

ಭಾರತದ ಪಾಸ್‌ಪೋರ್ಟಿನವರು ಹೊರಡುವ ಮೊದಲು ಹಾಂಗ್‌ಕಾಂಗ್ ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ನೋಂದಣಿ ಮಾಡಿಕೊಳ್ಳಬೇಕು. ಒಂದು ಸಲಕ್ಕೆ 14 ದಿನ ಇರಬಹುದು. ಅದಕ್ಕೆ ಶುಲ್ಕ ಇಲ್ಲ, ಏಜೆಂಟರಿಗೆ ದುಡ್ಡು ಕೊಡಬೇಡಿ. ಚೀಟಿಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಶಾಮ್ ಶುಯಿ ಪೋಗೆ ಹೋಗುವಾಗ ಚಿಲ್ಲರೆ ನಾಣ್ಯ ಜೇಬಿನಲ್ಲಿರಲಿ, ಹನ್ನೊಂದು ಗಂಟೆಯೊಳಗೆ ತಲುಪಿ. ಆಮೇಲೆ ಸಾಲು ಗಲ್ಲಿಯ ತಿರುವಿನವರೆಗೂ ಬೆಳೆಯುತ್ತದೆ.