ಕ್ಯಾರೋ-ಕಾನ್ ಕಲಿಕೆ, ಒಂಬತ್ತನೇ ವಾರ: ಒಂದು ಒಂಟೆ ಹೋಯ್ತು

ಭಾನುವಾರ ಬೆಳಗ್ಗಿನ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಉಡುಪಿಯಿಂದ ಮಂಗಳೂರಿಗೆ ಹೋಗಿ ರ‍್ಯಾಪಿಡ್ ಚೆಸ್ ಟೂರ್ನಿ ಆಡಿ ಬಂದೆ. ಆರು ಸುತ್ತು, ಎರಡೂವರೆ ಅಂಕ. ಐದು ಆಟ ಬಿಡಿ, ಬರೆದಿಡಬೇಕಾದ್ದು ಮೂರನೇ ಸುತ್ತಿನದ್ದು.

ಎದುರು ಕೂತದ್ದು ಐದನೇ ಕ್ಲಾಸಿನ ಹುಡುಗಿ. ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುವುದಿಲ್ಲ. ಬಿಳಿ ಕಾಯಿ ಅವಳದ್ದು. ಇ4 ಸಿ6, ಡಿ4 ಡಿ5, ಇ5 (ಅಕ್ಷರ ಬೋರ್ಡಿನ ಕಂಬಸಾಲು, ಅಂಕಿ ಅಡ್ಡಸಾಲು; ಜೋಡಿಯಲ್ಲಿ ಮೊದಲನೆಯದು ಬಿಳಿಯ ನಡೆ). ನನ್ನ ಒಂಟೆ ಎಫ್5ಕ್ಕೆ. ಕಪ್ಪು ಕಾಯಿಯವರು ಆಟ ಶುರು ಮಾಡುವ ಈ ಕ್ರಮವೇ ಕ್ಯಾರೋ-ಕಾನ್; ನಾನು ಈ ಓಪನಿಂಗ್ ಹಿಡಿದದ್ದೇ ಈ ಒಂಟೆಗೋಸ್ಕರ. ಕಪ್ಪಿನ ಇನ್ನೊಂದು ಓಪನಿಂಗ್ ಫ್ರೆಂಚ್ ಡಿಫೆನ್ಸಿನಲ್ಲಿ ಅದು ಸ್ವಂತ ಕಾಲಾಳುಗಳ ಹಿಂದೆಯೇ ಕೊಳೆಯುತ್ತದೆ. ಇಲ್ಲಿ ಮೊದಲು ಅದನ್ನು ಹೊರಗೆ ಕಳಿಸಿ, ಆಮೇಲೆ ಇ6 ಆಡಿ ಬಾಗಿಲು ಹಾಕಿಕೊಳ್ಳುವುದು.

ನಾಲ್ಕನೇ ನಡೆಗೆ ಅವಳು ಎಚ್4 ನೂಕಿದಳು. ಮಕ್ಕಳು ಅಂಚಿನ ಕಾಲಾಳನ್ನು ಸುಮ್ಮನೆ ನೂಕುವುದುಂಟು ಅಂದುಕೊಂಡೆ. ಯೋಚನೆಯೇ ಇಲ್ಲದೆ ಇ6 ಆಡಿ ಗಡಿಯಾರ ಒತ್ತಿದೆ.

ಅವಳದ್ದು ಜಿ4. ನನ್ನ ಒಂಟೆ ಇ4ಕ್ಕೆ ಹಾರಿತು, ನೇರ ಎಚ್1ರ ಆನೆಯ ಮೇಲೆ ಕಣ್ಣು! ಒಳಗೊಳಗೇ ಖುಷಿ. ಎಫ್3. ಜಿ6ಕ್ಕೆ ಬಂದೆ. ಎಚ್5. ಅಲ್ಲಿಗೆ ಮುಗೀತು ಮಾರಾಯ್ರೆ. ಎಚ್7ರಲ್ಲಿ ನನ್ನದೇ ಕಾಲಾಳು, ಮುಂದೆ ಎಫ್5, ಇ4, ಡಿ3 ಎಲ್ಲಿ ಹೋದರೂ ಹೊಡೆತ. ಸಿ8ರ ಮನೆಗೆ ಹಿಂದೆ ಹೋಗುವ ದಾರಿಗೆ ನಾನೇ ಇ6ರಲ್ಲಿ ಬಾಗಿಲು ಹಾಕಿದ್ದೆ. ಸಿ2ರ ಕಾಲಾಳು ಒಂದನ್ನು ಹೊಡೆದು ಒಂಟೆ ಕೊಟ್ಟೆ. ಆಮೇಲೆ ಎಳೆದದ್ದು ಬರೀ ಮರ್ಯಾದೆಗೆ.

ಕೈ ಕುಲುಕುವಾಗ ಹುಡುಗಿ ಮೆಲ್ಲ ಹೇಳಿದಳು, "ಅಂಕಲ್, ಎಚ್4 ಬಂದ್ರೆ ಇ6 ಆಡ್ಲಿಕ್ಕಿಲ್ಲ."

ರಾತ್ರಿ ಮನೆಯಲ್ಲಿ ಬೋರ್ಡಿಟ್ಟು ನೋಡಿದೆ. ಈ ಎಚ್4 ಮಕ್ಕಳಾಟ ಅಲ್ಲ. 1961ರ ವಿಶ್ವ ಚಾಂಪಿಯನ್‌ಶಿಪ್ ಮರುಪಂದ್ಯದಲ್ಲಿ ಆಗಿನ ಚಾಂಪಿಯನ್ ತಾಲ್ ಇದನ್ನೇ ಹಿಂದಿನ ಚಾಂಪಿಯನ್ ಬೊಟ್ವಿನ್ನಿಕ್ ಮೇಲೆ ಆಡಿದ್ದು, ಹೆಸರೂ ತಾಲ್ ವೇರಿಯೇಶನ್. ಬೊಟ್ವಿನ್ನಿಕ್ ಎಚ್6 ಆಡಿ, ಜಿ4 ಬಂದಾಗ ಒಂಟೆಯನ್ನು ತಣ್ಣಗೆ ಡಿ7ಕ್ಕೆ ತಂದ. ಇ6 ಖಾಲಿ ಇಟ್ಟದ್ದಕ್ಕೇ ಆ ದಾರಿ.

ಎಚ್4ಕ್ಕೆ ಉತ್ತರವಾಗಿ ನಾನು ಎಚ್5 ಆರಿಸಿಕೊಂಡೆ, ಅದರಿಂದ ಜಿ4ಗೆ ನೇರ ತಡೆ. ಪಕ್ಕದ ಮನೆಯ ಮಾಷ್ಟ್ರೊಟ್ಟಿಗೆ ಮೂರು ಆಟ ಆಡಿದೆ. ಒಂಟೆ ಮೂರರಲ್ಲೂ ಬದುಕಿತು, ನಾನು ಎರಡು ಸೋತೆ. ಎಚ್ ಕಾಲಾಳು ಮುಂದೆ ಹೋದ ಮೇಲೆ ಜಿ5 ಮನೆ ಕಾಯುವವರಿಲ್ಲ, ಮಾಷ್ಟ್ರ ಒಂಟೆ ಅಲ್ಲೇ ಬಂದು ಕೂರುತ್ತದೆ. ಮುಂದಿನ ವಾರಕ್ಕೆ ಅದೇ ಕೆಲಸ.