"ಹರ್ಲಿಂಗ್ ಅಂದ್ರೆ ಹಾಕಿ ತರಾನೇ ಅಲ್ವಾ?"

ಅಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಡಬ್ಲಿನ್‌ನಿಂದ ರಜೆಗೆ ಊರಿಗೆ ಬಂದಾಗಲೆಲ್ಲ ಐರ್ಲೆಂಡ್‌ನ ಈ ಆಟದ ಬಗ್ಗೆ ಇದೇ ಪ್ರಶ್ನೆ. ಸಿಟ್ಟು ಬರೋದು ಕೊನೆಯ ಆ 'ಅಲ್ವಾ'ಗೆ. ಉತ್ತರ ಅವರ ಹತ್ತಿರ ಮೊದಲೇ ಇರುತ್ತದೆ, ನಾನು ಸುಮ್ನೆ ತಲೆ ಆಡಿಸಬೇಕು ಅಷ್ಟೆ.

ಹೋದ ಸಲ ಮದುವೆ ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ಕೇಳಿದರು. ಹೋಳಿಗೆ ಮುಟ್ಟದೆ ವಿವರಿಸಿದೆ. ಹಾಕಿಯಲ್ಲಿ ಚೆಂಡು ಕೈಯಲ್ಲಿ ಹಿಡಿಯೋ ಹಾಗಿಲ್ಲ, ಇಲ್ಲಿ ಹಾರಿ ಹಿಡಿಯುತ್ತಾರೆ. ಕೈಯಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆ ಮಾತ್ರ. ಆದರೆ ಹರ್ಲಿ ಅನ್ನುವ ಅಗಲ ತುದಿಯ ಕೋಲಿನ ಮೇಲೆ ಕೂರಿಸಿಕೊಂಡು ಎಷ್ಟು ದೂರ ಬೇಕಾದರೂ ಓಡಬಹುದು. ಬಲೆಗೆ ಹೋದರೆ ಗೋಲು, ಮೂರು ಅಂಕ. ಅಡ್ಡಪಟ್ಟಿಯ ಮೇಲಿಂದ ಹಾರಿದರೆ ಒಂದು. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರೆ ಹಾಕಿನೇ ಬಿಡಪ್ಪಾ" ಅಂದರು. ಅಷ್ಟರಲ್ಲಿ ತುಪ್ಪದವನು ಮುಂದೆ ಹೋಗಿದ್ದ.

ನನಗೆ ಬೇಕಾದ ಪ್ರಶ್ನೆ ಬೇರೆ ಇದೆ. ಇಷ್ಟು ಚೆಂದದ ಆಟಕ್ಕೂ ಜನ ಬರದೆ ಹೋಗಿದ್ದುಂಟಾ? ಕೇಳಿ, ಪ್ಲೀಸ್.

ಉಂಟು. 2016ರ ಡಿಸೆಂಬರ್, ಥರ್ಲಸ್ ಊರಿನ ಸೆಂಪಲ್ ಸ್ಟೇಡಿಯಂ. ಐರ್ಲೆಂಡ್‌ನ ಪ್ರಾಂತ್ಯಗಳ ನಡುವಿನ ಹರ್ಲಿಂಗ್ ಫೈನಲ್. ಮನ್‌ಸ್ಟರ್ 2-20, ಲೀನ್‌ಸ್ಟರ್ 2-16. ಅಂದರೆ 26ಕ್ಕೆ 22, ಗೋಲು ಬೇರೆ, ಅಂಕ ಬೇರೆ ಬರೆಯೋದು ಇಲ್ಲಿನ ರೂಢಿ. ಹತ್ತಾರು ಸಾವಿರ ಜನ ಹಿಡಿಸುವ ಮೈದಾನದಲ್ಲಿ ನಾನು ಬೇಕಾದ ಕಡೆ ಕೂತೆ. ಬೇಜಾರಾಗಿ ಎರಡು ಸಲ ಜಾಗ ಬದಲಾಯಿಸಿದೆ.

ಇದೇ ಟೂರ್ನಿ 1927ರಲ್ಲಿ ರೈಲ್ವೆ ಕಪ್ ಅನ್ನೋ ಹೆಸರಲ್ಲಿ ಶುರುವಾಗಿದ್ದು. ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ಹಬ್ಬದ ರಜೆ, ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಫೈನಲ್. 1954ರಲ್ಲಿ 49,023 ಜನ ಬಂದಿದ್ದರು. ಕಾರ್ಕ್‌ನ ಕ್ರಿಸ್ಟಿ ರಿಂಗ್ ಒಬ್ಬರೇ ಮನ್‌ಸ್ಟರ್ ಪರವಾಗಿ 18 ಪದಕ ಗೆದ್ದರು. ಟಿವಿ ಇಲ್ಲದ ಕಾಲ, ಇಂಥವರನ್ನೆಲ್ಲ ಒಟ್ಟಿಗೆ ನೋಡಲು ಬೇರೆ ದಾರಿ ಇರಲಿಲ್ಲ. ಆಮೇಲೆ ಆ ಹಬ್ಬದ ದಿನ ಕ್ಲಬ್ ಫೈನಲ್‌ಗಳ ಪಾಲಾಯಿತು. ಪಾಪ ರೈಲ್ವೆ ಕಪ್, ಖಾಲಿ ಇದ್ದ ತಿಂಗಳಿಗೆಲ್ಲ ಅಲೆಯಿತು. ಜನ ಬರಲಿ ಅಂತ 2003ರ ಫೈನಲ್ ರೋಮ್‌ನಲ್ಲಿ ಆಡಿಸಿದರು! ಊರವರೇ ಬರದಿದ್ದ ಆಟಕ್ಕೆ ರೋಮ್‌ನಲ್ಲಿ ಯಾರು ಬರಬೇಕು?

ನನ್ನ ಲೆಕ್ಕದಲ್ಲಿ ಕಾಯಿಲೆ ಒಂದೇ. ಹರ್ಲಿಂಗ್‌ನಲ್ಲಿ ಪ್ರಾಂತ್ಯ ಯಾರ ಊರೂ ಅಲ್ಲ. ಜನ ಜೀವ ಬಿಡೋದು ಪ್ರಾಂತ್ಯದೊಳಗಿನ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ರಣಜಿಯಲ್ಲಿ ಕರ್ನಾಟಕ ಆಡಿದರೆ ಸ್ಕೋರ್ ನೋಡುತ್ತೀರಿ. ದುಲೀಪ್ ಟ್ರೋಫಿಯಲ್ಲಿ ದಕ್ಷಿಣ ವಲಯ ಗೆದ್ದರೆ ಪಟಾಕಿ ಹೊಡೆದಿದ್ದೀರಾ? ರಗ್ಬಿಯಲ್ಲಿ ಇದೇ ಮನ್‌ಸ್ಟರ್‌ಗೆ ಜನ ಹುಚ್ಚೆದ್ದು ಬರುತ್ತಾರಲ್ಲ ಅಂತ ಒಬ್ಬ ಸಹೋದ್ಯೋಗಿ ವಾದಿಸಿದ. ನಿಜ. ಆದರೆ ಅಲ್ಲಿ ಪ್ರಾಂತ್ಯದ ತಂಡವೇ ವಾರವಾರ ಆಡುತ್ತೆ, ಅಡ್ಡ ಬರೋಕೆ ಕೌಂಟಿ ಇಲ್ಲ.

ಥರ್ಲಸ್‌ನಲ್ಲಿ ನನ್ನ ಪಕ್ಕ ಒಬ್ಬ ಅಜ್ಜ ಕೂತಿದ್ದ. ಯಾವ ಕೌಂಟಿ ಅಂತ ಹೇಳಲ್ಲ, ಜಗಳ ಬೇಡ. ಮನ್‌ಸ್ಟರ್ ಜರ್ಸಿಯಲ್ಲಿ ಅವನ ಕೌಂಟಿಯ ಹುಡುಗ ಹೊಡೆದರೆ ಎದ್ದು ನಿಂತು ಚಪ್ಪಾಳೆ. ಅದೇ ಜರ್ಸಿಯಲ್ಲಿ ಪಕ್ಕದ ಕೌಂಟಿಯವನು ಹೊಡೆದರೆ ಫ್ಲಾಸ್ಕ್ ತೆಗೆದು ಟೀ ಬಗ್ಗಿಸಿಕೊಳ್ಳುತ್ತಿದ್ದ. ಮನ್‌ಸ್ಟರ್ ಕಪ್ ಎತ್ತುವ ಹೊತ್ತಿಗೆ ಫ್ಲಾಸ್ಕ್ ಖಾಲಿಯಾಗಿತ್ತು.